ಗಾಳಿಗೆ ಟೋಪಿ ಹಾಕಿದ ಮೇಸ್ತ್ರಿ

ಶುಕ್ರವಾರ ಬಂತು ಅಂದ್ರೆ ನಮ್ಮ ಮನೆಯವಳು ಮನೆಯೆಲ್ಲ ಸಾಂಬ್ರಾಣಿ ಹೊಗೆ ಹಾಕ್ತಾಳೆ. ನನ್ನ ಮೇಜಿನ ಹತ್ರ ಬಂದಾಗ ಮಾತ್ರ ಬೇಕಂತ್ಲೇ ಎರಡು ನಿಮಿಷ ಜಾಸ್ತಿ ನಿಲ್ತಾಳೆ, ನಾನು ಕೆಮ್ಮಲಿ ಅಂತ. ಐವತ್ತು ವರ್ಷ ನನ್ನ ಕೀಟಲೆ ಸಹಿಸಿದಾಳೆ, ಅಷ್ಟು ಹಕ್ಕು ಅವಳಿಗಿದೆ. ಹೋದ ವಾರ ಹಂಗೆ ನಿಂತಾಗ ಟೇಬಲ್ ಫ್ಯಾನ್ ಓಡ್ತಿತ್ತು. ಹೊಗೆ ಮೇಜಿನ ಮೇಲೆ ಹರ್ಕೊಂಡು ಹೋಗಿ ನನ್ನ ಪೆನ್ ಸ್ಟ್ಯಾಂಡಿಗೆ ತಾಗ್ತು. ತಾಗಿ ಎರಡಾಗಿ ಸೀಳ್ತು, ಎರಡೂ ಪಕ್ಕ ಸವರ್ಕೊಂಡು ಹೋಗಿ ಹಿಂದುಗಡೆ ಸದ್ದಿಲ್ಲದೆ ಒಂದಾಯ್ತು. ಪಕ್ಕದಲ್ಲೇ ಇದ್ದ ಕಾಫಿ ಲೋಟದ ಹಿಂದೆ ಮಾತ್ರ ಅದೇ ಹೊಗೆ ಸುತ್ತಿ ಸುತ್ತಿ ಕುಣೀತಿತ್ತು. ಕೆಮ್ಮೋದು ಮರೆತು ನೋಡ್ತಾ ಕೂತೆ…

ಆ ಪೆನ್ ಸ್ಟ್ಯಾಂಡು ಗೇಣುದ್ದದ ಒಂದು ಕಪ್ಪು ಪೈಪಿನ ತುಂಡು. ಗುಂಡಗಿಲ್ಲ. ಮುಂದುಗಡೆ ಮೊಟ್ಟೆ ಥರ ದುಂಡು, ಹಿಂದಕ್ಕೆ ಸಣ್ಣ ಆಗ್ತಾ ಆಗ್ತಾ ಬಂದು, ಇದ್ದಕ್ಕಿದ್ದಂಗೆ ಕತ್ತಿ ಇಟ್ಟು ಕತ್ತರಿಸಿದಂಗೆ ಚಪ್ಪಟೆ. ರೇಸ್ ಸೈಕಲ್ಲಿನ ಫ್ರೇಮಿಂದು, ಕಾರ್ಬನ್ನು. ಹೋದ ತಿಂಗಳಷ್ಟೇ ನನ್ನ ಮೇಜಿಗೆ ಬಂತು. ಮಾಡಿದೋರು ಇಲ್ಲೇ ಮದ್ರಾಸಿನ ವಡಪಳನಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಮೇಸ್ತ್ರಿ.

ಮೇಸ್ತ್ರಿ ಅಂದ್ರೆ ಗಾರೆ ಮೇಸ್ತ್ರಿ ಅಲ್ಲ, ಅಚ್ಚಿನ ಮೇಸ್ತ್ರಿ. ಕನ್ನಡ ಸಿನಿಮಾನೂ ಕೋಡಂಬಾಕ್ಕಂನಲ್ಲೇ ತೆಗೀತಿದ್ದ ಕಾಲದಲ್ಲಿ ಅವರಪ್ಪ ಮೈಸೂರು ಕಡೆಯಿಂದ ಸೆಟ್ ಕೆಲಸಕ್ಕೆ ಬಂದೋರು, ವಾಪಸ್ ಹೋಗ್ಲೇ ಇಲ್ಲ. ಮಗನೂ ಅದೇ ಕೆಲಸ. ರಾಕ್ಷಸನ ಕಿರೀಟ, ಅರಮನೆ ಕಂಬ, ಬಿದ್ದು ಸುಟ್ಟುಹೋಗೋ ಪುಟ್ಟ ವಿಮಾನ, ಏನು ಬೇಕಾದ್ರೂ ಮೊದಲು ಜೇಡಿಮಣ್ಣಲ್ಲಿ ಮಾಡಿ, ಅದಕ್ಕೆ ಪ್ಲಾಸ್ಟರ್ ಅಚ್ಚು ಹಾಕಿ, ಅಚ್ಚಿನೊಳಗೆ ಫೈಬರ್ ಕೂರಿಸಿ ಹೊರಗೆ ತೆಗೆಯೋರು. ಆಮೇಲೆ ಎಲ್ಲಾ ಕಂಪ್ಯೂಟರಲ್ಲೇ ಮಾಡೋಕೆ ಶುರುಮಾಡಿದ್ರಲ್ಲ, ಮೇಸ್ತ್ರಿ ಮನೇಲಿ ಕೂತ್ರು. ನಾನು ಇನ್ಶೂರೆನ್ಸ್ ಆಫೀಸಿಂದ ರಿಟೈರ್ ಆಗಿ ಅದಾಗ್ಲೇ ಕೂತಿದ್ದೆ. ಇಬ್ಬರ ಮನೇಲೂ ಹೆಂಗಸರಿಗೆ ತಲೆನೋವು.

ನನ್ನ ಬಗ್ಗೆ ಒಂದು ಮಾತು ಹೇಳ್ಬೇಕು. ನಮ್ಮ ಮ್ಯಾನೇಜರ್ ಕನ್ನಡಕದ ಡಬ್ಬೀಲಿ ಅದೇ ಥರ ಕಾಣೋ ಇನ್ನೊಂದು ಕನ್ನಡಕ ಇಟ್ಟು, ಅವರು ಮೂರು ಸಲ ಕಣ್ಣಿನ ಡಾಕ್ಟರ ಹತ್ರ ಓಡೋ ಹಂಗೆ ಮಾಡಿದೋನು ನಾನು. ನನ್ನ ಮದುವೆ ದಿನ ನನ್ನ ಮಾವನ ಚಪ್ಪಲಿ ನಾನೇ ಬಚ್ಚಿಟ್ಟು, ಅವರ ಜೊತೆ ಒಂದು ಗಂಟೆ ನಾನೇ ಹುಡುಕಿದೀನಿ. ಟೋಪಿ ಹಾಕೋದ್ರಲ್ಲಿ ಈ ಮದ್ರಾಸಲ್ಲಿ ನನಗೆ ಸಮ ಯಾರೂ ಇಲ್ಲ ಅಂತ ತಿಳ್ಕೊಂಡಿದ್ದೆ.

ಮೇಸ್ತ್ರಿಗೆ ಒಬ್ಬಳೇ ಮಗಳು. ಬ್ಯಾಂಕಲ್ಲಿ ಕೆಲಸ, ಬೆಳಿಗ್ಗೆ ಎದ್ದು ಸಮುದ್ರದ ಪಕ್ಕದ ಇಸಿಆರ್ ರೋಡಲ್ಲಿ ಸೈಕಲ್ ರೇಸ್ ಪ್ರಾಕ್ಟೀಸು. ನಾವು ಕನ್ನಡದಲ್ಲಿ ಕೇಳಿದ್ರೆ ತಮಿಳಲ್ಲೇ ಉತ್ತರ ಕೊಡೋಳು. ಅವಳದ್ದು ಅಲ್ಯೂಮಿನಿಯಂ ಸೈಕಲ್ಲು, ಗುಂಡು ಪೈಪಿಂದು. ಸಮುದ್ರದ ಗಾಳಿ ಎದುರಿಗೆ ಬಂತು ಅಂದ್ರೆ ಕಾರ್ಬನ್ ಸೈಕಲ್ಲೋರು ಇವಳನ್ನ ದಾಟ್ಕೊಂಡು ಹೋಗ್ತಿದ್ರು. ಒಂದಿನ ಅವಳು ಯಾರದ್ದೋ ಬಿದ್ದು ಮುರಿದ ಕಾರ್ಬನ್ ಫ್ರೇಮ್ ಒಂದನ್ನ ಅಪ್ಪನಿಗೆ ತೋರಿಸೋಕೆ ತಂದ್ಳು. ಮೇಸ್ತ್ರಿ ಅದನ್ನ ಅಡ್ಡ ಕುಯ್ದು ಒಳಗೆ ಬೆರಳು ಹಾಕಿ ನೋಡಿ, "ಇದು ನಮ್ಮ ರಾಕ್ಷಸನ ಕಿರೀಟನೇ ಸಾರ್. ಬಟ್ಟೆ ಬೇರೆ, ಅಂಟು ಬೇರೆ. ಕೆಲಸ ಒಂದೇ" ಅಂದ್ರು.

ಅವತ್ತಿಂದ ಅವರ ಮಹಡಿ ಮೇಲಿನ ತಗಡಿನ ಶೆಡ್ಡು ಕಾರ್ಖಾನೆ ಆಯ್ತು. ಥರ್ಮಾಕೋಲು ಕೆತ್ತಿ ಪೈಪಿನ ಆಕಾರ ಮಾಡೋರು. ಯಾವ ಆಕಾರ ಒಳ್ಳೇದು ಅಂತ ನೋಡೋದು ಹೆಂಗೆ? ದೊಡ್ಡ ಕಂಪನಿಯೋರ ಹತ್ರ ಗಾಳಿ ಸುರಂಗ ಇರುತ್ತಂತೆ. ಮೇಸ್ತ್ರಿ ಹತ್ರ ಇದ್ದದ್ದು ಬಿರುಗಾಳಿ ಫ್ಯಾನು. ಮುಚ್ಚಿಹೋದ ಒಂದು ಸ್ಟುಡಿಯೋ ಗೋಡೌನಲ್ಲಿ, ಸಿನಿಮಾದಲ್ಲಿ ಹೀರೋಯಿನ್ ಸೆರಗು ಹಾರಿಸೋಕೆ ಇಟ್ಟಿದ್ದ, ಆಳೆತ್ತರದ ಫ್ಯಾನು. ವಾಚ್‌ಮನ್ ಇವರ ಹಳೇ ಸ್ನೇಹಿತ. ಭಾನುವಾರ ಬೆಳಿಗ್ಗೆ ನಾವಿಬ್ರೂ ಅಲ್ಲಿ ಹಾಜರು. ಮೇಸ್ತ್ರಿ ಪೈಪಿನ ಮೈಮೇಲೆಲ್ಲ ಉಲ್ಲನ್ ದಾರದ ಚೂರು ಅಂಟಿಸಿ ನಿಲ್ಲಿಸೋರು, ನಾನು ಮುಂದೆ ಸಾಂಬ್ರಾಣಿ ಹಿಡ್ಕೊಂಡು ಪೂಜಾರಿ ಥರ ನಿಲ್ಲೋದು. ಫ್ಯಾನ್ ಹಾಕಿದ್ರೆ ಗುಂಡು ಪೈಪಿನ ಹಿಂದೆ ದಾರಗಳೆಲ್ಲ ದೆವ್ವ ಹಿಡಿದಂಗೆ ಒದ್ದಾಡೋವು. ಮೀನಿನ ಆಕಾರದ್ದಕ್ಕೆ ತಣ್ಣಗೆ ಮೈಗಂಟ್ಕೊಂಡು ಮಲಗೋವು.

"ಹಂಗಾದ್ರೆ ಮೀನೇ ಮಾಡಿ ಮುಗಿಸಿ ಮೇಸ್ತ್ರಿ" ಅಂದೆ.

"ಮೀನಿಗೆ ಬಾಲ ಉದ್ದ ಸಾರ್. ತೂಕ ಜಾಸ್ತಿ. ಪಕ್ಕದಿಂದ ಗಾಳಿ ಬಂದ್ರೆ ಹಾಯಿ ಥರ ಎಳ್ಕೊಂಡು ಹೋಗುತ್ತೆ ನನ್ನ ಮಗಳನ್ನ."

ಹಂಗಂದು ಗರಗಸ ತಗೊಂಡು ಬಾಲ ಕತ್ತರಿಸೇಬಿಟ್ರು. ಮತ್ತೆ ಫ್ಯಾನ್ ಹಾಕಿದ್ರು. ದಾರಗಳು ಅಲುಗಾಡ್ಲಿಲ್ಲ. ಹೊಗೆ ಆ ಇಲ್ಲದ ಬಾಲದ ಗೆರೇಲೇ ಹೋಗಿ ಹಿಂದೆ ಕೂಡ್ಕೊಳ್ತು.

"ಬಾಲ ಇನ್ನೂ ಇದೆ ಅಂತ ತಿಳ್ಕೊಂಡಿದೆ ಸಾರ್ ಗಾಳಿ" ಅಂದ್ರು ಮೇಸ್ತ್ರಿ, ಯಾವ ಭಾವನೆಯೂ ಇಲ್ಲದೆ.

ನಾನು ಸಾಂಬ್ರಾಣಿ ಕೆಳಗಿಟ್ಟೆ. ನಾನು ಟೋಪಿ ಹಾಕಿದ್ದು ಮ್ಯಾನೇಜರಿಗೆ, ಮಾವನಿಗೆ. ಈ ಮನುಷ್ಯ ಗಾಳಿಗೇ ಹಾಕಿದ್ರಲ್ಲ… ಸ್ವಲ್ಪ ಹೊಟ್ಟೆಕಿಚ್ಚೂ ಆಯ್ತು, ಸುಳ್ಳು ಯಾಕೆ ಹೇಳ್ಲಿ.

ಮೂರು ತಿಂಗಳಲ್ಲಿ ಫ್ರೇಮ್ ರೆಡಿ ಆಯ್ತು. ಅಚ್ಚಿನೊಳಗೆ ಕಪ್ಪು ಬಟ್ಟೆ ಪದರ ಪದರವಾಗಿ ಹಾಸಿ, ಅಂಟು ಬಳಿದು, ಪ್ಲಾಸ್ಟಿಕ್ ಚೀಲದೊಳಗೆ ಹಾಕಿ, ಹಳೇ ಫ್ರಿಜ್ಜಿನ ಮೋಟರಿಂದ ಗಾಳಿ ಎಳೆದು, ಶೂಟಿಂಗಿಗೆ ಹಾಕೋ ದೊಡ್ಡ ಲೈಟುಗಳ ಕೆಳಗೆ ಕಾಯಿಸಿದ್ರು. ಮಗಳ ರೇಸ್ ಬರೋ ಭಾನುವಾರ. ಅದು ಬಿಟ್ರೆ ನಾಲ್ಕು ತಿಂಗಳು ಬೇರೆ ರೇಸಿಲ್ಲ. ಮೇಸ್ತ್ರಿಗೆ ಮಾತ್ರ ಒಂದೇ ಭಯ. ಕಿರೀಟ ಬಿರುಕು ಬಿಟ್ರೆ ರಾಕ್ಷಸ ನಗ್ತಾನೆ, ಅಷ್ಟೆ. ಇದು ಓಡ್ತಾ ಓಡ್ತಾ ಬಿರುಕು ಬಿಟ್ರೆ ಮೇಲಿರೋದು ಮಗಳು. ಐದು ರೂಪಾಯಿ ನಾಣ್ಯ ಹಿಡ್ಕೊಂಡು ಫ್ರೇಮನ್ನ ಇಂಚಿಂಚೂ ತಟ್ಟೋರು. ಪದರ ಸರಿಯಾಗಿ ಕೂತಿದ್ರೆ ಟಣ್ ಅನ್ನುತ್ತೆ, ಒಳಗೆ ಬಿಟ್ಕೊಂಡಿದ್ರೆ ಡಬ್ ಅನ್ನುತ್ತೆ. ಅವರು ಕಿವಿ ಇಟ್ಟು ತಟ್ಟೋದು ನೋಡಿದ್ರೆ ಮಗು ಎದೆ ನೋಡೋ ಡಾಕ್ಟರ್ ಥರ ಇತ್ತು.

ಅವರ ಕೆಲಸದಲ್ಲಿ ಒಂದು ಪದ್ಧತಿ ಇತ್ತು. ಸಂದೇಹ ಬಂದ ಮಾಲನ್ನ ಮೂಲೇಲಿ ಇಡೋ ಹಂಗಿಲ್ಲ, ಎಲ್ಲರ ಎದುರಿಗೆ ಅವತ್ತೇ ಕುಯ್ದು ಹಾಕ್ಬೇಕು. ಯಾವತ್ತೋ ಮೂಲೇಲಿಟ್ಟಿದ್ದ ಒಂದು ಬಿರುಕಿನ ಬಾಲ್ಕನಿ ಕಟಕಟೇನ ಯಾರೋ ಗೊತ್ತಿಲ್ಲದೆ ಸೆಟ್ಟಿಗೆ ಹಾಕಿ, ಫೈಟ್ ಮಾಡೋನೊಬ್ಬ ಅದರ ಜೊತೆ ಕೆಳಗೆ ಬಿದ್ದನಂತೆ. ಈ ಕಥೆ ನನಗೆ ಹತ್ತು ಸಲ ಹೇಳಿದ್ರು. ಹತ್ತು ಸಲನೂ ನಾನು ಆಕಳಿಸಿದ್ದೆ.

ಗುರುವಾರ ಮಧ್ಯಾಹ್ನ ಮಗಳು ಮೊದಲನೇ ಸಲ ಸೈಕಲ್ ಹತ್ತಿದ್ಳು. ಹಿಂದಿನ ಚಕ್ರಾನ ಸ್ಟ್ಯಾಂಡಿಗೆ ಬಿಗಿದಿದ್ರು, ನಿಂತಲ್ಲೇ ತುಳಿಯೋಕೆ. ನಾನು ಅವತ್ತು ಒಂದು ಮದುವೆ ಊಟ ಮುಗಿಸಿ ಬಂದು ಹಿಂದೆ ಕುರ್ಚೀಲಿ ಕೂತಿದ್ದೆ. ಕೈಯಲ್ಲಿ ಕರ್ಚೀಫು. ಕರ್ಚೀಫಿನೊಳಗೆ ಮದುವೆ ಮನೆಯ ಹಪ್ಪಳ, ಈ ಕೆಲಸಕ್ಕೇ ಅಂತ ತಂದಿದ್ದು. ಹುಡುಗಿ ಎದ್ದು ನಿಂತು ಜೋರಾಗಿ ಪೆಡಲ್ ಒತ್ತಿದ್ಳು. ನಾನು ಕರ್ಚೀಫ್ ಒತ್ತಿದೆ.

ಪಟ್.

ನನ್ನ ಲೆಕ್ಕದಲ್ಲಿ ಎಲ್ಲರೂ ಬೆಚ್ಚಿಬೀಳ್ಬೇಕು, ನಾನು ಹಪ್ಪಳ ತೋರಿಸ್ಬೇಕು, ಮೇಸ್ತ್ರಿ ನನ್ನ ವಂಶಾನೆಲ್ಲ ಬೈಬೇಕು, ಕಾಫಿ ಬರ್ಬೇಕು. ಮೇಸ್ತ್ರಿ ಮುಖದಲ್ಲಿ ರಕ್ತ ಇರ್ಲಿಲ್ಲ.

"ಇಳಿಯಮ್ಮ" ಅಂದ್ರು ಮೆಲ್ಲಗೆ.

"ಎನ್ನಪ್ಪಾ? ಒಣ್ಣುಮಿಲ್ಲಪ್ಪಾ" ಅಂದ್ಳು ಅವಳು, ಏನೂ ಆಗಿಲ್ಲ ಅಂತ.

"ಇಳಿ ಕಣ್ಣು" ಅಂದ್ರು, ಮುದ್ದಿಗೆ ಮಕ್ಕಳನ್ನ ಕರೆಯೋ ತಮಿಳು ಮಾತಲ್ಲಿ.

ಆ ಹೊತ್ತಲ್ಲಿ ಬಾಯಿ ತೆಗೀಬೇಕಿತ್ತು. ತೆಗೆದೆ, ಹಪ್ಪಳ ಹಾಕ್ಕೊಳ್ಳೋಕೆ. ಸಾಕ್ಷಿ ಇರ್ಬಾರ್ದು ನೋಡಿ. ಅಗಿಯೋಕೆ ಧೈರ್ಯ ಸಾಲದೆ ಬಾಯಲ್ಲೇ ನೆನೆಸ್ಕೊಂಡು ಮನೆಗೆ ಬಂದೆ. ಜಗತ್ತಲ್ಲಿ ಯಾರೂ ಹಪ್ಪಳಾನ ಅಷ್ಟು ನಿಶ್ಶಬ್ದವಾಗಿ ತಿಂದಿರ್ಲಿಕ್ಕಿಲ್ಲ. ಮನೆಯವಳ ಹತ್ರ ನಿಜ ಹೇಳಿದೆ. "ಹೋಗಿ ಹೇಳಿ ಬನ್ನಿ. ಅಲ್ಲೀವರೆಗೂ ಕಾಫಿ ಇಲ್ಲ" ಅಂದ್ಳು. ಅರ್ಧ ಗಂಟೆ ಮಾತು ಜೋಡಿಸ್ಕೊಂಡು ಮತ್ತೆ ಮಹಡಿ ಹತ್ತಿದೆ. ಮೆಟ್ಟಿಲಲ್ಲೇ ಗರಗಸದ ಸದ್ದು ಕೇಳಿಸ್ತು.

ಫ್ರೇಮ್ ಎರಡು ತುಂಡಾಗಿ ನೆಲದ ಮೇಲಿತ್ತು. ಮಗಳು ಗೋಡೆಗೆ ಒರಗಿ ನಿಂತಿದ್ಳು, ಕಣ್ಣು ಕೆಂಪಗಿತ್ತು. "ಪರವಾಯಿಲ್ಲಪ್ಪಾ" ಅಂತ ಒಂದೇ ಮಾತು ಹೇಳಿ ಇಳಿದು ಹೋದ್ಳು. ಮೂರು ತಿಂಗಳ ಕೆಲಸ, ಒಂದು ಹಪ್ಪಳ…

"ಬನ್ನಿ ಸಾರ್, ಇಲ್ನೋಡಿ" ಅಂತ ಮೇಸ್ತ್ರಿ ಕರೆದ್ರು. ಪೆಡಲ್ ಕೂರೋ ಜಾಗದ ಹತ್ರ, ಪೈಪಿನೊಳಗೆ ಹೆಬ್ಬೆರಳಗಲ ಬಟ್ಟೆ ಮಡಚ್ಕೊಂಡು ಒಣಗಿ ನಿಂತಿತ್ತು. ಅಂಟು ಅಲ್ಲಿಗೆ ಮುಟ್ಟೇ ಇರ್ಲಿಲ್ಲ. ಉಗುರಿಂದ ಕೆರೆದ್ರೆ ಪುಡಿಪುಡಿ ಬಂತು.

"ಆ ಸದ್ದು ನಿಮಗೂ ಕೇಳಿಸ್ತಲ್ಲ ಸಾರ್?"

ಅರ್ಧ ಗಂಟೆ ಜೋಡಿಸ್ಕೊಂಡು ಬಂದಿದ್ದ ಮಾತೆಲ್ಲ ಪಕ್ಕಕ್ಕಿಟ್ಟೆ. "ಕೇಳಿಸ್ತು ಮೇಸ್ತ್ರಿ. ನನ್ನ ಕಿವಿ ಬಹಳ ಸೂಕ್ಷ್ಮ" ಅಂದೆ.

ಇಂಥ ಅವಕಾಶ ಬಿಡೋ ಗಿರಾಕಿ ನಾನಲ್ಲ. ದೇವಸ್ಥಾನದ ಬೀದಿಯಲ್ಲೆಲ್ಲ ಹೇಳ್ಕೊಂಡು ಬಂದೆ, ಕಾರ್ಬನ್ನಿನ ಒಳಗಿನ ದೋಷ ಕುರ್ಚೀಲಿ ಕೂತೇ ಹಿಡಿದೆ ಅಂತ. ಆದ್ರೆ ಆ ಭಾನುವಾರ ಹುಡುಗಿ ಹಳೇ ಅಲ್ಯೂಮಿನಿಯಂ ಸೈಕಲ್ಲಲ್ಲಿ ಹೋಗಿ ಎದುರು ಗಾಳೀಲಿ ಹಿಂದೆ ಬಿದ್ಳು. ಅದನ್ನ ನೋಡಿದ್ಮೇಲೆ ನನಗೆ ಕೂರೋಕೆ ಆಗ್ಲಿಲ್ಲ. ಎರಡನೇ ಫ್ರೇಮಿಗೆ ನಾಲ್ಕು ತಿಂಗಳು ದಿನಾ ಮೇಲೆ ಹೋಗಿ ಉಪ್ಪುಕಾಗದ ಉಜ್ಜಿದೆ. ಮೂವತ್ನಾಲ್ಕು ವರ್ಷದ ಆಫೀಸ್ ಜೀವನದಲ್ಲಿ ಅಷ್ಟು ಕೆಲಸ ಮಾಡಿರ್ಲಿಲ್ಲ. ಮೇಸ್ತ್ರಿ ಬಂದು ಕೈಯಾಡಿಸಿ, "ಇನ್ನೊಂದು ಸುತ್ತು ಉಜ್ಜಿ ಸಾರ್" ಅನ್ನೋರು. ಉಜ್ಜಿದ್ರೆ, "ಇನ್ನೊಂದು." ಬಾಯಿ ಮುಚ್ಕೊಂಡು ಉಜ್ಜಿದೆ. ತಪ್ಪು ನಂದಲ್ವಾ.

ಮುಂದಿನ ರೇಸಿಗೆ ಇಬ್ಬರೂ ಹೋಗಿ ರೋಡ್ ಪಕ್ಕ ನಿಂತಿದ್ವಿ. ಸಮುದ್ರದ ಗಾಳಿ ಮುಖಕ್ಕೆ ಹೊಡೀತಿತ್ತು, ನನ್ನ ಟೋಪಿ ಹಾರ್ಕೊಂಡು ಹೋಯ್ತು. ಆ ಗಾಳೀಲಿ ಬಣ್ಣ ಇಲ್ಲದ, ಹೆಸರಿಲ್ಲದ, ಕಪ್ಪು ಸೈಕಲ್ಲೊಂದು ತಲೆ ಬಗ್ಗಿಸಿ ಬಂತು. ಅವಳು ಬಂದದ್ದು ಎರಡನೇದಾಗಿ. ನಾನು ಎಲ್ಲರಿಗೂ ಮೊದಲನೇದು ಅಂತ್ಲೇ ಹೇಳಿದೀನಿ, ನೀವೂ ಹಂಗೇ ಹೇಳಿ. ಅವಳು ಏದುಸಿರು ಬಿಡ್ತಾ ನಮ್ಮ ಮುಂದೆ ಇಳಿದ್ಳು. ಎಷ್ಟನೇದು ಅಂತ ಮೇಸ್ತ್ರಿ ಕೇಳ್ಲಿಲ್ಲ.

"ಸದ್ದು ಬಂತಾ ಕಣ್ಣು?"

"ಇಲ್ಲಪ್ಪಾ" ಅಂದ್ಳು ಅವಳು, ಅವತ್ತು ಮೊದಲನೇ ಸಲ ಕನ್ನಡದಲ್ಲೇ. "ಗಾಳಿ ಸದ್ದೂ ಇರ್ಲಿಲ್ಲ."

ಮೇಸ್ತ್ರಿ ತಲೆ ಆಡಿಸಿ, ಜೇಬಿನಿಂದ ನಾಣ್ಯ ತೆಗೆದು ಫ್ರೇಮ್ ತಟ್ಟೋಕೆ ಕೂತ್ರು. ರೋಡ್ ಪಕ್ಕದಲ್ಲೇ. ಟಣ್, ಟಣ್, ಟಣ್…

ಹೋದ ವರ್ಷ ಮೇಸ್ತ್ರಿ ಹೋದ್ರು. ಊಟ ಮಾಡಿ ಮಲಗಿದೋರು ಏಳ್ಲಿಲ್ಲ. ಮಗಳಿಗೆ ಈಗ ಮದುವೆ ಆಗಿ ಶೋಳಿಂಗನಲ್ಲೂರಲ್ಲಿ ಮನೆ. ಹೋದ ತಿಂಗಳು ಮಹಡಿ ಶೆಡ್ಡು ಖಾಲಿ ಮಾಡೋಕೆ ಬಂದೋಳು, ಈ ಪೈಪಿನ ತುಂಡು ತಂದು ನನ್ನ ಕೈಗಿಟ್ಳು. ಮೊದಲನೇ ಫ್ರೇಮಿಂದು, ಅವತ್ತು ಕುಯ್ದದ್ದು.

"ಅಂಕಲ್, ಅಪ್ಪ ಇದನ್ನ ನಿಮಗೇ ಅಂತ ಎತ್ತಿಟ್ಟಿದ್ರು" ಅಂದ್ಳು. ಆಮೇಲೆ ನಕ್ಳು. "ಹಪ್ಪಳದ ವಿಷಯ ಅವರಿಗೆ ಅವತ್ತೇ ಗೊತ್ತಿತ್ತು. ನಿಮ್ಮ ಕುರ್ಚಿ ಕೆಳಗೆ ಬಿದ್ದಿದ್ದ ಚೂರು ಅವರೇ ಗುಡಿಸಿದ್ದು."

ನಾನು ತುಂಡನ್ನ ತಿರುಗಿಸಿ ನೋಡ್ದೆ. "ಮತ್ತೆ ಯಾಕಮ್ಮ ಕುಯ್ದಿದ್ದು?"

ಆ ಜಾಗ ಎರಡು ದಿನದಿಂದ ಡಬ್ ಅಂತಿತ್ತಂತೆ. ಟಣ್ ಅನ್ನಬಹುದು ಅಂತ ತಟ್ಟಿದ್ದೇ ತಟ್ಟಿದ್ದಂತೆ. ರೇಸಿಗೆ ಅಂತ ಬ್ಯಾಂಕಲ್ಲಿ ರಜ ಹಾಕಿ ಕಾಯ್ತಿದ್ದ ಮಗಳಿಗೆ ಬೇಡ ಅನ್ನೋಕೆ ಬಾಯಿ ಬರ್ಲಿಲ್ಲವಂತೆ. "ಆ ಸಾರ್ ಹಪ್ಪಳ ಮುರಿದ್ರು, ನನಗೆ ಧೈರ್ಯ ಬಂತು" ಅಂದಿದ್ರಂತೆ. ಅದೆಲ್ಲ ಸರಿ. ಇಷ್ಟು ವರ್ಷ ಪಕ್ಕದಲ್ಲೇ ಇದ್ದು ನನಗ್ಯಾಕೆ ಒಂದು ಮಾತು ಹೇಳ್ಲಿಲ್ಲ?

"ನಾನೂ ಕೇಳ್ದೆ ಅಂಕಲ್. ಹೇಳಬೇಡ, ಚೆನ್ನಾಗಿ ಉಜ್ತಿದಾರೆ ಅಂದ್ರು."

ನಾಲ್ಕು ತಿಂಗಳು. ಇನ್ನೊಂದು ಸುತ್ತು ಸಾರ್, ಇನ್ನೊಂದು ಸುತ್ತು ಸಾರ್… ಆ ಯಾವ ಭಾವನೆಯೂ ಇಲ್ಲದ ಮುಖ ಇಟ್ಕೊಂಡು. ಬೆರಳ ತುದಿ ಎಲ್ಲ ಸವೆದುಹೋಗಿತ್ತು ನಂದು. ಅವತ್ತು ರಾತ್ರಿ ಊಟಕ್ಕೆ ಕೂತಾಗ ನೆನೆಸ್ಕೊಂಡು ನಕ್ಕೂ ನಕ್ಕೂ ನನಗೆ ನೆತ್ತಿಗೆ ಹತ್ತಿತು. ಮನೆಯವಳು ನೀರು ಕೊಟ್ಟು, "ನಿಮಗೂ ಒಬ್ಬರು ಸಿಕ್ಕಿದ್ರಲ್ಲ" ಅಂದ್ಳು. ಸಿಕ್ಕಿದ್ರು. ಸಿಕ್ಕಿದ್ರು ಅಂತ ಗೊತ್ತಾಗೋ ಹೊತ್ತಿಗೆ ಬೈಯೋಕೆ ಮನುಷ್ಯ ಇಲ್ಲ.

ಬೆಳಿಗ್ಗೆ ಪೇಪರ್ ಓದಿದ ಮೇಲೆ ಐದು ರೂಪಾಯಿ ನಾಣ್ಯದಿಂದ ಪೆನ್ ಸ್ಟ್ಯಾಂಡ್ ತಟ್ತೀನಿ. ಸುತ್ತಲೂ ಟಣ್ ಅನ್ನುತ್ತೆ. ಬುಡದ ಹತ್ರ, ಹೆಬ್ಬೆರಳಗಲ ಜಾಗದಲ್ಲಿ, ಡಬ್. ಪಕ್ಕದ ಮನೆಗೆ ಈಗ ಬೇರೆ ಯಾರೋ ಬಂದಿದಾರೆ, ಒಳ್ಳೆ ಜನ. ಆದ್ರೂ ಹಪ್ಪಳ ಕರಿದ ದಿನ ಒಂದನ್ನ ಕರ್ಚೀಫಿಗೆ ಸುತ್ಕೊಂಡು ಮಹಡಿ ಮೆಟ್ಟಿಲವರೆಗೂ ಹೋಗಿಬಿಡ್ತೀನಿ. ಹೋದ್ಮೇಲೆ ನೆನಪಾಗುತ್ತೆ. ಅಲ್ಲೇ ಮೆಟ್ಟಿಲ ಮೇಲೆ ಕೂತ್ಕೊಂಡು ತಿಂದು ಬರ್ತೀನಿ, ಕುರುಕುರು ಅಂತ, ಜೋರಾಗಿ.