ಎರಡನೇ ಸೈಕಲ್ಲಿನ ಜಾಗ

ತಕ್ಕಡಿ ಅಕ್ಕನ ಭಾನುವಾರ ಶುರುವಾಗುತ್ತಿದ್ದುದು ಗುರುವಾರ ಸಂಜೆ. ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ಅವಳದೊಂದು ತಕ್ಕಡಿ ರಿಪೇರಿ ಅಂಗಡಿ, ಅಪ್ಪ ಬಿಟ್ಟುಹೋದದ್ದು. ಊರಿನ ಅರ್ಧ ಅಂಗಡಿಗಳ ತೂಕದ ಯಂತ್ರಗಳು ವರ್ಷಕ್ಕೊಮ್ಮೆಯಾದರೂ ಅವಳ ಮೇಜಿನ ಮೇಲೆ ಕೂತು ಬೈಸಿಕೊಂಡು ಹೋಗಬೇಕು. "ಹತ್ತು ಗ್ರಾಂ ಸುಳ್ಳು ಹೇಳ್ತೀಯಾ? ನಾಚಿಕೆ ಆಗಲ್ವಾ ನಿಂಗೆ?" ಎಂದು ಗದರುತ್ತಲೇ ಸ್ಕ್ರೂ ಬಿಚ್ಚುವ ಹೆಂಗಸು ಅವಳು. ಪರೀಕ್ಷೆಗೆಂದು ಇಟ್ಟ ಹಿತ್ತಾಳೆಯ ತೂಕದ ಬಟ್ಟುಗಳು ಮಖಮಲ್ಲಿನ ಪೆಟ್ಟಿಗೆಯಲ್ಲಿರುತ್ತಿದ್ದವು. ಅವನ್ನು ಬಟ್ಟೆ ಸುತ್ತಿಯೇ ಎತ್ತುತ್ತಿದ್ದಳು. ಬೆರಳಿನ ಜಿಡ್ಡು ಅಂಟಿದರೆ ತೂಕ ಕೆಡುತ್ತದೆ ಎಂದು ಅಪ್ಪ ಹೇಳಿಕೊಟ್ಟಿದ್ದ. ಮೂವತ್ತು ವರ್ಷದಲ್ಲಿ ಒಮ್ಮೆಯೂ ಅವಳು ಬರಿಗೈಯಲ್ಲಿ ಅವನ್ನು ಮುಟ್ಟಿದ್ದಿಲ್ಲ.

ಗುರುವಾರ ಆರಕ್ಕೆ ಅರ್ಧ ಶಟರ್ ಎಳೆದು, ಅದೇ ಮೇಜಿನ ಮೇಲೆ ಭಾನುವಾರದ ಚೀಟಿ ಬರೆಯಲು ಕೂರುತ್ತಿದ್ದಳು. ಹನ್ನೊಂದು ಹೆಂಗಸರ ಸೈಕಲ್ ಗುಂಪು, ಅದಕ್ಕೆ ಇವಳೇ ಮುಂದಾಳು. ಎಷ್ಟು ಗಂಟೆಗೆ ಹೊರಡುವುದು, ಯಾವ ತಿರುವಿನಲ್ಲಿ ಜಲ್ಲಿ ಸುರಿದಿದ್ದಾರೆ, ಯಾವ ಗೇಟಿನ ನಾಯಿ ಬರೀ ಬೊಗಳುತ್ತದೆ, ಯಾವುದು ಕಾಲಿಗೇ ಬರುತ್ತದೆ, ಯಾವ ಪೆಟ್ರೋಲ್ ಬಂಕಿನ ಶೌಚಾಲಯಕ್ಕೆ ಒಳಗಿನಿಂದ ಚಿಲಕ ಇದೆ, ಎಲ್ಲವೂ ಚೀಟಿಯಲ್ಲಿರಬೇಕು. ಬುಧವಾರವೇ ಸ್ಕೂಟರಿನಲ್ಲಿ ಹೋಗಿ ಒಂದೊಂದನ್ನೂ ಕಣ್ಣಾರೆ ನೋಡಿ ಬಂದಿರುತ್ತಿದ್ದಳು. ಚಿಲಕ ಎಳೆದು ಹಾಕಿ ನೋಡುತ್ತಿದ್ದಳು ಕೂಡ.

"ದಿನಾ ನಲವತ್ತು ಮಕ್ಕಳನ್ನ ಸಾಗಿಸ್ತೀನಿ ಕಣೇ. ನಾನೂ ಇಷ್ಟು ತಲೆಬಿಸಿ ಮಾಡ್ಕೊಳ್ಳಲ್ಲ," ಎನ್ನುತ್ತಿದ್ದ ಶಾಲೆಯ ವ್ಯಾನ್ ಓಡಿಸುವ ಅವಳ ಗಂಡ.

"ನಿಮ್ಮ ಮಕ್ಕಳು ಸೀಟಲ್ಲಿ ಕೂತಿರ್ತಾರೆ ರೀ. ನನ್ನವರು ತುಳೀಬೇಕು."

ಚೀಟಿಯಲ್ಲಿ ಬರೆಯದ ನಿಯಮವೊಂದಿತ್ತು. ಗುಂಪಿನಲ್ಲಿ ಎಲ್ಲರಿಗಿಂತ ನಿಧಾನ ಯಾರೋ ಅವರಿಗೆ ಎರಡನೇ ಜಾಗ, ಮುಂದಾಳಿನ ಬೆನ್ನಿಗೇ. ಅವರ ಉಸಿರಿನ ಸದ್ದು ಕೇಳಿಕೊಂಡು ಮುಂದಾಳು ವೇಗ ಇಳಿಸಬೇಕು. ಆಗ ಹಿಂದಿನವರೆಲ್ಲ ತಾವಾಗಿಯೇ ನಿಧಾನವಾಗುತ್ತಾರೆ, ಯಾರಿಗೂ ಯಾರನ್ನೂ ಕಾಯಬೇಕಾದ ಪ್ರಸಂಗ ಬರುವುದಿಲ್ಲ. ಆದರೆ ನಿಧಾನದವಳಿಗೆ ಮಾತ್ರ ಇದು ಗೊತ್ತಾಗಕೂಡದು. "ನಿಮ್ಮ ಕಣ್ಣು ಚುರುಕು, ನನ್ನ ಹಿಂದೇನೇ ಬನ್ನಿ" ಎಂದೋ ಏನೋ ಒಂದು ನೆಪ ಹೂಡಬೇಕು. ಈ ನಿಯಮ ಹುಟ್ಟಿದ್ದು ಮೊದಲ ವರ್ಷ. ಬಾಣಂತನ ಮುಗಿಸಿ ಹೊಸದಾಗಿ ಸೇರಿದ ಒಬ್ಬ ಹುಡುಗಿ ಏದುಸಿರು ಬಿಡುತ್ತ ಕೊನೆಯಲ್ಲಿ ಬಂದು ನಿಂತಾಗ, ಯಾರೋ ಗಡಿಯಾರ ನೋಡಿಕೊಂಡು, "ನಿಮಗೋಸ್ಕರಾನೇ ಕಾಯ್ತಿದ್ವಿ," ಎಂದುಬಿಟ್ಟರು. ಹುಡುಗಿ ನಕ್ಕಳು. ಮರುವಾರ ಸೈಕಲ್ ಮಾರಿದಳು. ತಕ್ಕಡಿ ಅಕ್ಕನಿಗೆ ಆ ನಗು ಇವತ್ತಿಗೂ ಮುಳ್ಳಿನ ಹಾಗೆ ಚುಚ್ಚುತ್ತದೆ. ಅಂದಿನಿಂದ ನಿಯಮವನ್ನು ಅವಳು ಚಾಚೂ ತಪ್ಪದೆ ನಡೆಸಿಕೊಂಡು ಬಂದಿದ್ದಳು. ಅದು ಗೊತ್ತಿದ್ದದ್ದು ಅವಳಿಗೆ ಮತ್ತು ಬಾಲಕ್ಕೆ. ಬಾಲ ಎಂದರೆ ಎಲ್ಲರ ಕೊನೆಗೆ ಬರುವವಳು, ಒಬ್ಬ ಆಸ್ಪತ್ರೆ ನರ್ಸು. ಯಾರೂ ಹಿಂದೆ ಉಳಿಯದಂತೆ ನೋಡಿಕೊಳ್ಳುವುದು ಅವಳ ಕೆಲಸ.

ಎಂಟು ತಿಂಗಳ ಹಿಂದೆ ಈ ನರ್ಸೇ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂತು ಹೇಳಿದ್ದಳು, "ಅಕ್ಕಾ, ಡ್ರಾಯಿಂಗ್ ಮೇಡಂ ಸ್ವಲ್ಪ ನಿಧಾನ ಆಗಿದ್ದಾರೆ. ಅವರನ್ನ ಎರಡನೇ ಜಾಗಕ್ಕೆ ಹಾಕೋಣ್ವಾ?"

ಡ್ರಾಯಿಂಗ್ ಮೇಡಂ ಎಂದರೆ ಶಾಲೆಯಿಂದ ನಿವೃತ್ತಿಯಾದ, ಅರವತ್ತೆರಡರ, ಕಡ್ಡಿಯ ಹಾಗಿರುವ ಹೆಂಗಸು. ಹತ್ತು ವರ್ಷ ಚಿಕ್ಕವಳಾದ ತಕ್ಕಡಿ ಅಕ್ಕನಿಗೆ ಅಯ್ಯೋ ಎನಿಸಿತು. ಆ ವಾರದಿಂದ ಮೇಡಂ ಅವಳ ಬೆನ್ನಿಗೆ ಬಂದರು. ಏದುಸಿರಿನ ಸದ್ದು ಕೇಳಿಸಿದಾಗಲೆಲ್ಲ ಇವಳು ವೇಗ ತಗ್ಗಿಸಿದಳು. ಐವತ್ತು ಕಿಲೋಮೀಟರಿನ ದಾರಿ ನಲವತ್ತಾಯಿತು, ನಲವತ್ತು ಮೂವತ್ತೆರಡಕ್ಕೆ ಇಳಿಯಿತು. ನೀರಿನ ಟ್ಯಾಂಕಿನ ದಿಣ್ಣೆ ಎಂದರೆ ಗುಂಪಿಗೆ ಪ್ರಾಣ, ಅದನ್ನೂ ಚೀಟಿಯಿಂದ ಹೊಡೆದುಹಾಕಿದಳು. "ಮೇಡಂ ಕೈಲಿ ಆಗಲ್ಲ ಪಾಪ," ಎಂದು ಗಂಡನ ಹತ್ತಿರ ಹೇಳಿಕೊಂಡಳು. ಅವಳಿಗೂ ಆಗೀಗ ಸುಸ್ತಾಗುತ್ತಿತ್ತು. ಅದಕ್ಕೆ ಸೈಕಲ್ಲನ್ನೇ ಬೈದಳು. ಬ್ರೇಕು ಉಜ್ಜುತ್ತಿದೆ ಎಂದು ಗಂಡನಿಂದ ಎರಡು ಸಲ ಚಕ್ರ ಬಿಚ್ಚಿಸಿದಳು. ಬ್ರೇಕು ಉಜ್ಜುತ್ತಿರಲಿಲ್ಲ.

ಹೀಗಿರುವಾಗ ಒಂದು ಶನಿವಾರ ಬೆಳಗ್ಗೆ ಟ್ಯಾಂಕಿನ ದಿಣ್ಣೆಯ ಬುಡದಲ್ಲಿರುವ ಬೇಕರಿಯಿಂದ ಫೋನ್ ಬಂತು. ಹಿಟ್ಟು ತೂಗುವ ಯಂತ್ರ ಹುಚ್ಚೆದ್ದಿದೆ, ಈಗಲೇ ಬರಬೇಕು. ಪೆಟ್ಟಿಗೆ ಸ್ಕೂಟರಿಗೆ ಏರಿಸಿಕೊಂಡು ಹೋದಳು. ಬೆಳಕು ಬೇಕೆಂದು ಯಂತ್ರವನ್ನು ಬಾಗಿಲ ಬಳಿ ಎಳೆಸಿ, ಬಟ್ಟೆ ಸುತ್ತಿ ಎರಡು ಕಿಲೋ ಬಟ್ಟನ್ನು ಎತ್ತಿದಳು. ಅಷ್ಟರಲ್ಲಿ ರಸ್ತೆಯ ಕಡೆಯಿಂದ ನಗು ಕೇಳಿಸಿತು. ಗುರುತಿನ ನಗು.

ಅವಳ ಗುಂಪಿನ ಹಳದಿ ಜಾಕೆಟ್ಟುಗಳು ದಿಣ್ಣೆ ಏರುತ್ತಿದ್ದವು. ಹತ್ತು. ಎಣಿಸಬೇಕಾಗಿರಲಿಲ್ಲ, ಆದರೂ ಎಣಿಸಿದಳು. ಎಲ್ಲರ ಮುಂದೆ, ಪೆಡಲಿನ ಮೇಲೆ ಎದ್ದು ನಿಂತು, ಕತ್ತು ತಿರುಗಿಸಿ ಹಿಂದಿನವರ ಜೊತೆ ಜೋಕು ಹೊಡೆಯುತ್ತ ಹೋಗುತ್ತಿದ್ದವರು ಡ್ರಾಯಿಂಗ್ ಮೇಡಂ. ಆ ದಿಣ್ಣೆಯಲ್ಲಿ, ಮಾತಾಡಿಕೊಂಡು!

ತಕ್ಕಡಿ ಅಕ್ಕನಿಗೆ ಗರ ಬಡಿದಂತಾಯಿತು. ಹಳದಿ ಸಾಲು ತಿರುವು ದಾಟಿ ಮರೆಯಾದರೂ ಅವಳು ನಿಂತಲ್ಲೇ ನಿಂತಿದ್ದಳು. "ಏನಾಯ್ತಕ್ಕಾ?" ಎಂದು ಬೇಕರಿಯವನು ಕೇಳಿದಾಗಲೇ ಕೈ ನೋಡಿಕೊಂಡದ್ದು. ಬಟ್ಟೆ ಕೆಳಗೆ ಬಿದ್ದಿತ್ತು. ಹಿತ್ತಾಳೆಯ ಬಟ್ಟನ್ನು ಬರಿಗೈಯಲ್ಲಿ, ಬೆರಳು ಬಿಳಿಚುವಷ್ಟು ಬಿಗಿಯಾಗಿ ಹಿಡಿದಿದ್ದಳು.

ಯಂತ್ರ ಹೇಗೆ ಸರಿಮಾಡಿದಳೋ ಅವಳಿಗೇ ಗೊತ್ತಿಲ್ಲ. ನನ್ನ ಬಿಟ್ಟು ಹೋಗ್ತಾರಾ? ನಾನು ಕಟ್ಟಿದ ಗುಂಪು, ನಾನು ಹುಡುಕಿದ ದಾರಿ, ನನ್ನ ಬೆನ್ನ ಹಿಂದೆ ಶನಿವಾರಕ್ಕೊಂದು ಗುಟ್ಟಿನ ಸವಾರಿ! ಕಣ್ಣಲ್ಲಿ ನೀರಿತ್ತು, ಬಾಯಲ್ಲಿ ಬೈಗುಳವಿತ್ತು. ಮಧ್ಯಾಹ್ನ ಅಂಗಡಿ ಮುಚ್ಚಿ ಸೀದಾ ನರ್ಸಿನ ಮನೆಗೆ ನಡೆದಳು. ಮನೆ ಮೂರನೇ ಮಹಡಿ. ಮೆಟ್ಟಿಲಿನ ಅರ್ಧದಲ್ಲಿ ಒಮ್ಮೆ ಕಂಬಿ ಹಿಡಿದು ನಿಲ್ಲಬೇಕಾಯಿತು. ಕೋಪಕ್ಕೇ ಹೀಗೆ ಎಂದುಕೊಂಡಳು.

ಬಾಗಿಲು ತೆರೆದಿತ್ತು. ನಡುಮನೆಯಲ್ಲಿ ಹಳೆ ಪೇಪರ್ ಹಾಸಿಕೊಂಡು ನರ್ಸು ಚೈನಿಗೆ ಎಣ್ಣೆ ಬಿಡುತ್ತಿದ್ದಳು. ಡ್ರಾಯಿಂಗ್ ಮೇಡಂ ಕಾಲು ಚಾಚಿ ಕೂತು ಬನ್ನು ತಿನ್ನುತ್ತಿದ್ದರು, ಇನ್ನೂ ಹಳದಿ ಜಾಕೆಟ್ಟಿನಲ್ಲೇ. ಇವಳನ್ನು ಕಂಡು ಬನ್ನು ಬಾಯಲ್ಲೇ ಉಳಿಯಿತು.

"ದಿಣ್ಣೆ ಹೇಗಿತ್ತು ಮೇಡಂ?" ಎಂದಳು ತಕ್ಕಡಿ ಅಕ್ಕ. "ಗಾಳಿ ಚೆನ್ನಾಗಿತ್ತಾ?"

ನರ್ಸು ಎಣ್ಣೆಯ ಡಬ್ಬಿ ಕೆಳಗಿಟ್ಟಳು.

"ಎಷ್ಟು ದಿನದಿಂದ ನಡೀತಿದೆ ಇದು?"

"ಆರು ತಿಂಗಳಾಯ್ತು ಅಕ್ಕಾ," ಎಂದಳು ನರ್ಸು, ತಲೆ ತಗ್ಗಿಸಿ. "ಭಾನುವಾರದ್ದು ತುಂಬಾ ಸಣ್ಣದಾಯ್ತಲ್ಲ, ಉಳಿದವರಿಗೆ ಕಾಲು ತುರಿಸ್ತಿತ್ತು. ಹೇಳೋಕೆ ಯಾರಿಗೂ ಬಾಯಿ ಬರಲಿಲ್ಲ."

"ಸಣ್ಣದು ಮಾಡಿದ್ದು ಯಾರಿಗೋಸ್ಕರ? ಇವರಿಗೋಸ್ಕರ! ಇವರು ನಿಧಾನ ಅಂತ ನೀನೇ ತಾನೇ ಬಂದು ಹೇಳಿದ್ದು?"

ನರ್ಸು ಮೇಡಂ ಮುಖ ನೋಡಿದಳು. ಮೇಡಂ ಬನ್ನನ್ನು ತಟ್ಟೆಗಿಟ್ಟರು. ಕೈ ಒರೆಸಿಕೊಂಡರು. ನಲವತ್ತು ಮಕ್ಕಳ ತರಗತಿಯನ್ನು ಕಣ್ಣಲ್ಲೇ ಸುಮ್ಮನಾಗಿಸುತ್ತಿದ್ದ ಹೆಂಗಸು ಈಗ ಗೋಡೆ ನೋಡಿಕೊಂಡು ಮಾತಾಡಿದರು.

"ನಿಧಾನ ಆಗಿದ್ದು ನಾನಲ್ಲ. ನೀವು."

"ಏನಂದ್ರಿ?"

"ಮುಂದಾಳನ್ನ ಎರಡನೇ ಜಾಗಕ್ಕೆ ಹಾಕೋದು ಹೇಗೆ ಹೇಳಿ? ಅದಕ್ಕೆ ನಾನೇ ಅಂದೆ, ನನ್ನ ನಿಧಾನ ಅಂತ ಹೇಳು, ಅವರಾಗೇ ವೇಗ ಇಳಿಸ್ತಾರೆ ಅಂತ. ನಿಮ್ಮ ನಿಯಮಾನೇ ಅಲ್ವಾ? ನಿಧಾನದವರಿಗೆ ಗೊತ್ತಾಗಬಾರದು. ಇದನ್ನೇ ನನಗೆ ಇವಳು ಹೇಳಿಕೊಟ್ಟಿದ್ದು."

ತಕ್ಕಡಿ ಅಕ್ಕ ಬಾಗಿಲ ಚೌಕಟ್ಟಿಗೆ ಕೈ ಊರಿದಳು. ಆದರೂ ಬಿಟ್ಟುಕೊಡುವ ಜಾತಿಯಲ್ಲ ಅವಳು.

"ಸುಳ್ಳು! ಎಂಟು ತಿಂಗಳು ನನ್ನ ಬೆನ್ನ ಹಿಂದೆ ಏದುಸಿರು ಬಿಡ್ತಾ ಬಂದ್ರಲ್ಲ? ಒಂದೊಂದು ಏರಿನಲ್ಲೂ ಕೇಳಿದೀನಿ. ಅದೂ ನಾಟಕಾನಾ?"

ಮೇಡಂ ಈಗ ತಿರುಗಿ ಅವಳ ಮುಖ ನೋಡಿದರು. ಅವರಿಗೂ ದಿಗಿಲಾದದ್ದು ಕಾಣುತ್ತಿತ್ತು.

"ನಾನು ಒಂದು ದಿನಾನೂ ಏದುಸಿರು ಬಿಟ್ಟಿಲ್ಲ," ಎಂದರು ಮೆಲ್ಲಗೆ. "ನಟನೆ ನನಗೆ ಬರಲ್ಲ, ಸುಮ್ಮನೆ ನಿಮ್ಮ ಹಿಂದೆ ಬರ್ತಿದ್ದೆ. ನೀವು ಕೇಳಿದ್ದು ನಿಮ್ಮ ಉಸಿರು."

ಮನೆಯಲ್ಲಿ ಫ್ಯಾನ್ ತಿರುಗುವ ಸದ್ದು ಬಿಟ್ಟರೆ ಏನೂ ಇರಲಿಲ್ಲ. ಆ ನಿಶ್ಶಬ್ದದಲ್ಲಿ ಮೂವರಿಗೂ ಕೇಳಿಸಿತು, ಮೆಟ್ಟಿಲು ಹತ್ತಿ ಬಂದು ಇಷ್ಟು ಹೊತ್ತಾದರೂ ನಿಲ್ಲದ ಏದುಸಿರು.

ನರ್ಸು ಎದ್ದುಬಂದು ಎಣ್ಣೆಗೈಯಲ್ಲೇ ಅವಳ ಮಣಿಕಟ್ಟು ಹಿಡಿದಳು. ನಾಡಿ ನೋಡುತ್ತ ನೋಡುತ್ತ ನರ್ಸಿನದೇ ಮುಖ ಬಿಳಿಚಿತು. ಕುರ್ಚಿಯಲ್ಲಿ ಕೂರಿಸಿ, ಕಾಲಿನ ಗೆಣ್ಣಿನ ಮೇಲೆ ಹೆಬ್ಬೆರಳು ಒತ್ತಿ ತೆಗೆದಳು. ಒತ್ತಿದಲ್ಲಿ ಬಿದ್ದ ಗುಳಿ ಹಾಗೇ ಉಳಿಯಿತು.

"ಎಷ್ಟು ದಿನದಿಂದ ಕಾಲು ಊದ್ತಿದೆ?"

"ನಿಂತು ಕೆಲಸ ಮಾಡ್ತೀನಲ್ಲ, ಅದಕ್ಕೆ..."

"ರಾತ್ರಿ ಮಲಗಿದ್ರೆ ಉಸಿರು ಕಟ್ಟುತ್ತಾ?"

"ಎರಡು ದಿಂಬು ಹಾಕ್ಕೊಂಡ್ರೆ ಏನೂ ಆಗಲ್ಲ."

ನರ್ಸು ಅಲ್ಲೇ ನೆಲದ ಮೇಲೆ ಕುಸಿದು ಕೂತು ಹಣೆ ಚಚ್ಚಿಕೊಂಡಳು. "ವಯಸ್ಸು ಅಂದ್ಕೊಂಡೆ ಅಕ್ಕಾ. ಬರೀ ವಯಸ್ಸು ಅಂದ್ಕೊಂಡೆ. ವಾರ್ಡಿನಲ್ಲಿ ದಿನಕ್ಕೆ ಹತ್ತು ಇಂಥವರನ್ನ ನೋಡೋಳು ನಾನು! ನಾನು ಬಾಲ, ನಿಮ್ಮಿಂದ ಹತ್ತು ಸೈಕಲ್ ಹಿಂದೆ. ಒಂದು ದಿನಾನೂ ನಿಮ್ಮ ಮುಖ ನೋಡಲಿಲ್ಲವಲ್ಲ."

ಅದು ನಿಜವಾಗಿತ್ತು. ಮುಂದಾಳಿನ ಬೆನ್ನನ್ನು ಎಲ್ಲರೂ ನೋಡುತ್ತಾರೆ, ಮುಖವನ್ನು ಯಾರೂ ನೋಡುವುದಿಲ್ಲ. ದಾರಿಯ ಪೆಟ್ರೋಲ್ ಬಂಕು ಮುಟ್ಟಿದೊಡನೆ ಇವಳು ಮೊದಲು ಓಡುತ್ತಿದ್ದುದು ಚಿಲಕ ಸರಿಯಿದೆಯೇ ಎಂದು ನೋಡಲು. ತಿರುಗಿ ಬರುವಷ್ಟರಲ್ಲಿ ಮುಖ ತೊಳೆದುಕೊಂಡಿರುತ್ತಿದ್ದಳು.

ಭಾನುವಾರ ಬೆಳಗ್ಗೆ ಸೈಕಲ್ಲುಗಳೆಲ್ಲ ಮನೆಯಲ್ಲೇ ಉಳಿದವು. ಹತ್ತು ಹೆಂಗಸರು ಆಸ್ಪತ್ರೆಯ ಕಾರಿಡಾರಿನ ಬೆಂಚುಗಳಲ್ಲಿ ಸಾಲಾಗಿ ಕೂತಿದ್ದರು. ಒಳಗೆ ವೈದ್ಯೆ ಪರದೆಯ ಮೇಲೆ ತೋರಿಸಿದಳು. ಹೃದಯದ ಒಂದು ಕವಾಟ ಕಿರಿದಾಗಿದೆ, ಬಹಳ ದಿನದಿಂದ ಸ್ವಲ್ಪ ಸ್ವಲ್ಪವೇ ಕಿರಿದಾಗುತ್ತ ಬಂದಿದೆ. "ಇದನ್ನಿಟ್ಟುಕೊಂಡು ದಿಣ್ಣೆ ಹತ್ತಿದ್ದರೆ ಮೇಲೆ ಮುಟ್ತಾ ಇದ್ರಿ ಅನ್ನೋ ಭರವಸೆ ನನಗಿಲ್ಲ," ಎಂದಳು. ಆಮೇಲೆ ಬರೆಯುವುದನ್ನು ನಿಲ್ಲಿಸಿ ಕೇಳಿದಳು, "ಅಲ್ಲ, ಇಷ್ಟು ಜನ ಜೊತೆಗಿದ್ದೀರಿ. ಯಾರೂ ಹೇಳಲಿಲ್ವಾ?"

ಗಂಡ ಗೋಡೆಗೆ ಒರಗಿ ನಿಂತಿದ್ದ. ಎರಡು ಸಲ ಚಕ್ರ ಬಿಚ್ಚಿ ಜೋಡಿಸಿದ್ದ ಕೈಗಳನ್ನೇ ನೋಡಿಕೊಳ್ಳುತ್ತಿದ್ದ.

"ಹೇಳಬಾರದು ಅಂತ ನಾನೇ ನಿಯಮ ಮಾಡಿದ್ದೆ," ಎಂದಳು ತಕ್ಕಡಿ ಅಕ್ಕ. ವೈದ್ಯೆಗೆ ಅರ್ಥವಾಗಲಿಲ್ಲ.

ವರ್ಷಗಟ್ಟಲೆ ಊರಿನ ಯಂತ್ರಗಳಿಗೆ ಬೈದವಳು ಅವಳು. ತೂಕ ಒಮ್ಮೆಲೇ ಕೆಡುವುದಿಲ್ಲ, ದಿನಕ್ಕೆ ಕೂದಲೆಳೆಯಷ್ಟು ಕೆಡುತ್ತದೆ, ಯಂತ್ರಕ್ಕೆ ಅದು ತಾನಾಗಿ ತಿಳಿಯುವುದಿಲ್ಲ, ಹೊರಗಿನ ಬಟ್ಟು ಇಟ್ಟೇ ನೋಡಬೇಕು ಎಂದು ಗಿರಾಕಿಗಳಿಗೆ ಪಾಠ ಹೇಳಿದವಳು. ಆಪರೇಷನ್ನಿನ ಹಿಂದಿನ ದಿನ ಹಾಸಿಗೆಯಲ್ಲಿ ಮಲಗಿ ಅದನ್ನೇ ನೆನೆದಳು. ನಗು ಬಂತು, ಅದರ ಬೆನ್ನಿಗೇ ಭಯಂಕರ ಸಿಟ್ಟು ಬಂತು. ಸಿಟ್ಟು ಮೇಡಂ ಮೇಲೂ ಅಲ್ಲ, ನರ್ಸಿನ ಮೇಲೂ ಅಲ್ಲ. ಅಷ್ಟು ಪ್ರೀತಿಯಿಂದ ಹೂಡಿದ ನಿಯಮವೊಂದು ತನ್ನನ್ನೇ ಸಾವಿನ ಬಾಗಿಲವರೆಗೆ ಮೆತ್ತಗೆ ಕರೆದುಕೊಂಡು ಹೋಗಿತ್ತಲ್ಲ, ಅದರ ಮೇಲೆ.

ಆಪರೇಷನ್ ಆದ ಮೇಲೆ ಐದು ತಿಂಗಳು ಸೈಕಲ್ ಮುಟ್ಟಲಿಲ್ಲ. ಆರನೇ ತಿಂಗಳು ವೈದ್ಯೆ ಸಮತಟ್ಟು ರಸ್ತೆಗೆ ಒಪ್ಪಿಗೆ ಕೊಟ್ಟಳು. ಆ ಗುರುವಾರ ತಕ್ಕಡಿ ಅಕ್ಕ ಅರ್ಧ ಶಟರ್ ಎಳೆದು ಚೀಟಿ ಬರೆದಳು. ಹದಿನಾಲ್ಕು ಕಿಲೋಮೀಟರು.

ಭಾನುವಾರ ಆರು ಗಂಟೆಗೆ ಪೆಟ್ರೋಲ್ ಬಂಕಿನ ಮುಂದೆ ಹನ್ನೊಂದೂ ಜನ ಸೇರಿದರು. ಮುಂದಾಳು ಈಗ ಡ್ರಾಯಿಂಗ್ ಮೇಡಂ. ಚೀಟಿ ಓದಬೇಕಾದವರು ಅವರೇ. ಜಲ್ಲಿ, ನಾಯಿ, ಚಿಲಕ, ಎಲ್ಲವನ್ನೂ ಗಟ್ಟಿಯಾಗಿ ಓದಿದರು. ಕೊನೆಯ ಸಾಲಿಗೆ ಬಂದು ನಿಂತರು. ಕನ್ನಡಕ ಸರಿಪಡಿಸಿಕೊಂಡರು.

"ಓದಿ ಮೇಡಂ," ಎಂದಳು ತಕ್ಕಡಿ ಅಕ್ಕ.

"ಎರಡನೇ ಜಾಗ, ತಕ್ಕಡಿ ಅಕ್ಕ," ಎಂದು ಓದಿದರು ಮೇಡಂ. "ಕಾರಣ, ಎಲ್ಲರಿಗಿಂತ ನಿಧಾನ."

ಯಾರೋ ಅಯ್ಯೋ ಎಂದರು. ಹೀಗೆ ಬರೆದದ್ದನ್ನು ಆ ಗುಂಪು ಎಂದೂ ಕಂಡಿರಲಿಲ್ಲ, ಎಲ್ಲರ ಮುಂದೆ ಓದಿದ್ದನ್ನಂತೂ ಕೇಳಿರಲೇ ಇಲ್ಲ. ನರ್ಸು ಕಣ್ಣೊರೆಸಿಕೊಂಡಳು. ತಕ್ಕಡಿ ಅಕ್ಕನ ಕಿವಿ ಕೆಂಪಾಗಿದ್ದವು. ತಾನೇ ಬರೆದದ್ದಾದರೂ ಬೇರೆಯವರ ಬಾಯಲ್ಲಿ ಕೇಳಿದಾಗ ಮುಖಕ್ಕೆ ಹೊಡೆದಂತೆಯೇ ಆಗಿತ್ತು. ಆ ಬಾಣಂತಿ ಹುಡುಗಿ ಯಾಕೆ ನಕ್ಕಳೆಂದು ಈಗ ಗೊತ್ತಾಯಿತು. ಆದರೂ ಹೆಲ್ಮೆಟ್ಟಿನ ಪಟ್ಟಿ ಬಿಗಿದು, ಮೇಡಂ ಸೈಕಲ್ಲಿನ ಹಿಂದೆ ಹೋಗಿ ನಿಂತಳು.

ಮೊದಲ ಕಿಲೋಮೀಟರು ದಾಟಿದ ಮೇಲೆ ಮೇಡಂ ವೇಗ ಇಳಿಸಿ, ಕತ್ತು ತಿರುಗಿಸಿ ಅವಳ ಮುಖ ನೋಡಿದರು. ತಕ್ಕಡಿ ಅಕ್ಕ ಮುಖ ತಗ್ಗಿಸಲಿಲ್ಲ. ಬೆವರನ್ನೂ ಒರೆಸಿಕೊಳ್ಳಲಿಲ್ಲ. ನೋಡಿಕೊಳ್ಳಲಿ ಎಂದು ಹಾಗೇ ತೋರಿಸಿದಳು.