ಚಿಕ್ಕಮಾದು ಕಾಯ್ದ ಅಡೇನಿಯಂ

ಚಿಕ್ಕಮಾದು ಹಾವಿಗೆ ಹೆದರಿದವನಲ್ಲ. ತಿ. ನರಸೀಪುರದ ನಾಲೆ ಬಯಲಿನಲ್ಲಿ ಗದ್ದೆಗೆ ನೀರು ಕಟ್ಟಿ ಬೆಳೆದವನು ಹಾವಿಗೆ ಹೆದರಿದರೆ ಬದುಕು ನಡೆಯುವುದಿಲ್ಲ. ಅಂಥವನು ಒಂದು ಹೂವಿನ ಕುಂಡಕ್ಕೆ ಹೆದರಿ ಊಟ ಬಿಟ್ಟ ಎಂದರೆ ನಿಮಗೆ ನಗು ಬರಬಹುದು. ನಗಬೇಡಿ. ಹೊರಗುತ್ತಿಗೆಯವರ ಭಯ ಕಾಯಂ ಆದವರಿಗೆ ಅರ್ಥವಾಗುವುದಿಲ್ಲ.

ನಂಜನಗೂಡಿನ ಒಂದು ಸಣ್ಣ ಸರ್ಕಾರಿ ಕಚೇರಿಯಲ್ಲಿ ಅವನು ಜವಾನ. ಪ್ರತಿ ಮಾರ್ಚಿನಲ್ಲಿ ಅವನನ್ನು ಉಳಿಸಿಕೊಳ್ಳಬೇಕೋ ಬೇಡವೋ ಎಂದು ತೀರ್ಮಾನಿಸುವವರು ಅಲ್ಲಿನ ಅಧಿಕಾರಿ ವಾಣಿ ಮೇಡಂ. ಅವರು ಎರಡು ತಿಂಗಳ ತರಬೇತಿಗೆ ಹೊರಡುವಾಗ ಕಿಟಕಿಯ ಬಳಿಯ ಅಡೇನಿಯಂ ಕುಂಡವನ್ನು ತೋರಿಸಿ, "ಅಮ್ಮ ತೀರಿಕೊಳ್ಳೋಕೆ ಮುಂಚೆ ನೆಟ್ಟಿದ್ದು, ಚಿಕ್ಕಮಾದು. ಜೋಪಾನ" ಎಂದರು. ಬುಡ ಗೆಡ್ಡೆಯ ಹಾಗೆ ಉಬ್ಬಿ, ತುದಿಯಲ್ಲಿ ಗುಲಾಬಿ ಬಣ್ಣದ ಹೂ ಬಿಟ್ಟಿದ್ದ ಗಿಡ. ಎಷ್ಟು ನೀರು ಹಾಕಬೇಕೆಂದು ಅವರು ಹೇಳಲಿಲ್ಲ, ಇವನು ಕೇಳಲೂ ಇಲ್ಲ. ನಾಲೆ ಬಯಲಿನವನಿಗೆ ನೀರಿನ ವಿಷಯ ಕೇಳುವುದೆಂದರೆ ಅವಮಾನ.

ಬೆಳಿಗ್ಗೆ ಒಂದು ಚೊಂಬು, ಸಂಜೆ ಒಂದು ಚೊಂಬು ಹುಯ್ದ. ಕುಂಡದ ತಳದ ತೂತಿನಿಂದ ನೀರು ಸುಮ್ಮನೆ ಪೋಲಾಗುತ್ತಿದೆ ಅನ್ನಿಸಿ, ಗದ್ದೆಯ ಬದುವಿಗೆ ಮೆತ್ತುವಂತೆ ಅದಕ್ಕೆ ಜೇಡಿಮಣ್ಣು ಮೆತ್ತಿ ಮುಚ್ಚಿದ. ಎಲೆ ಹಳದಿಯಾಯಿತು. ನೀರು ಸಾಲದೆಂದು ಇನ್ನೊಂದು ಚೊಂಬು ಸೇರಿಸಿದ. ಎಲೆಗಳೆಲ್ಲ ಉದುರಿದವು. ಒಂದು ಮಧ್ಯಾಹ್ನ ಬುಡ ಒತ್ತಿ ನೋಡಿದರೆ ಕೊಳೆತ ಬಾಳೆಹಣ್ಣಿನ ಹಾಗೆ ಬೆರಳು ಒಳಕ್ಕಿಳಿಯಿತು.

ಅವತ್ತು ತಂದಿದ್ದ ಬುತ್ತಿಯನ್ನು ಅವನು ಬಿಚ್ಚಲಿಲ್ಲ. ಕೆಲಸ ಹೋಗುತ್ತದೆಂಬ ಭಯ ಒಂದು ಕಡೆ. ಸತ್ತ ತಾಯಿ ನೆಟ್ಟ ಗಿಡವನ್ನು ಕೊಂದು ಆ ಹೆಣ್ಣುಮಗಳ ಎದುರು ಹೇಗೆ ನಿಲ್ಲುವುದೆಂಬ ಭಯ ಅದಕ್ಕಿಂತ ದೊಡ್ಡದಾಯಿತು. ಸಂಜೆ ಕುಂಡವನ್ನು ಗೋಣಿಚೀಲಕ್ಕೆ ಇಳಿಸಿ ಹೊರಟಾಗ ಗುಮಾಸ್ತ ನಂಜೇಶ್ ಬಾಗಿಲಲ್ಲೇ ಸಿಕ್ಕಿದ.

"ಮೂಟೇಲಿ ಏನ್ಲಾ?"

"ಗೊಬ್ರ, ಸಾ."

ನಂಜೇಶ್ ಮೂಗು ಮುಚ್ಚಿಕೊಂಡು ದಾರಿ ಬಿಟ್ಟ. ಬಸ್ಸಿನಲ್ಲಿ ಊರು ಮುಟ್ಟುವವರೆಗೂ ಚಿಕ್ಕಮಾದು ಯಾರ ಮುಖವನ್ನೂ ನೋಡಲಿಲ್ಲ.

ಅವನ ಹೆಂಡತಿ ಇಂದ್ರಾಣಿ ಬದನವಾಳಿನ ಕಡೆಯ, ಮಳೆಯನ್ನೇ ನೆಚ್ಚಿದ ಬೆದ್ದಲು ನೆಲದವಳು. ಗಿಡ ಕಿತ್ತು, ಬೇರು ಮೂಸಿ, ಮುಖ ಸಿಂಡರಿಸಿದಳು. "ಇದೇನ್ ಬತ್ತದ ಪೈರಾ, ನೀರು ನಿಲ್ಸಕ್ಕೆ? ಮೈಯೊಳ್ಗೇ ನೀರು ಮಡಿಕಂಡಿರೋ ಗಿಡ ಕನ ಇದು."

ಕೊಳೆತದ್ದನ್ನೆಲ್ಲ ಬಿಳಿ ತಿರುಳು ಕಾಣುವವರೆಗೆ ಚಾಕುವಿನಿಂದ ಕೊಯ್ದಳು. ಗಾಯಕ್ಕೆ ಒಲೆ ಬೂದಿ ಬಳಿದು, ಉಳಿದ ಬೋಳು ತುಂಡನ್ನು ಮಣ್ಣಿಲ್ಲದೆ ಅಟ್ಟದ ಮೇಲಿಟ್ಟಳು.

"ಸತ್ತೋಯ್ತದೆ ಕಣಮ್ಮಿ. ಒಂದ್ ಅನಿ ನೀರಾದ್ರೂ ಚಿಮುಕ್ಸಾನಾ?"

"ನೀರು ಮುಟ್ಟುದ್ರೆ ಕೈ ಮುರೀತೀನಿ."

ಅಷ್ಟರಲ್ಲಿ ಮೇಡಂ ಫೋನು ಬಂತು. ಗಿಡದ ಒಂದು ಫೋಟೋ ಕಳಿಸು ಎಂದರು. ಕ್ಯಾಮೆರಾ ಕೆಟ್ಟಿದೆ ಎಂದು ಚಿಕ್ಕಮಾದು ಬಾಯಿಗೆ ಬಂದ ಸುಳ್ಳು ಹೇಳಿದ. ಅಲ್ಲಿಂದ ಮುಂದೆ ಯಾರ ಫೋನು ರಿಂಗಾದರೂ ಅವನು ಎದ್ದು ಹೊರಗೆ ಹೋಗುತ್ತಿದ್ದ. ಗಾಯ ಒಣಗಿದ ಮೇಲೆ ಇಂದ್ರಾಣಿ ಕುಂಡದ ತೂತು ಬಿಡಿಸಿ, ಮರಳು, ಇಟ್ಟಿಗೆ ಚೂರು ತುಂಬಿ ಆ ತುಂಡನ್ನು ನೆಟ್ಟಳು. ವಾರಗಳು ಹೋದವು, ಅದು ಹಾಗೇ ನಿಂತಿತ್ತು. ಕೊನೆಗೊಂದು ಬೆಳಿಗ್ಗೆ ತುದಿಯಲ್ಲಿ ಸಾಸಿವೆ ಕಾಳಿನಷ್ಟು ಹಸಿರು ಕಂಡಿತು. ಚಿಕ್ಕಮಾದು ಹೆಂಡತಿಯ ಎದುರೇ ಅತ್ತುಬಿಟ್ಟ.

ಮೇಡಂ ಬರುವ ಹೊತ್ತಿಗೆ ನಾಲ್ಕಾರು ಎಲೆಗಳಿದ್ದ ಕುಂಡ ಕಿಟಕಿಗೆ ಮರಳಿತ್ತು. ನಿಜ ಹೇಳಿಬಿಡಬೇಕೆಂದು ಅವನು ಗಟ್ಟಿ ಮನಸ್ಸು ಮಾಡಿಕೊಂಡಿದ್ದ. ಮೇಡಂ ಬಗ್ಗಿ ನೋಡಿದರು.

"ಬುಡ ಸಣ್ಣದಾಗಿದೆಯಲ್ಲ?"

"ಮೇಡಂ, ಅದು, ಕೊಯ್ದು..."

"ಅಮ್ಮನೂ ಹೀಗೇ ಕೊಯ್ದು ನೆಡ್ತಿದ್ರು. ಅವರ ಜೊತೆಗೇ ಆ ಕೈ ಹೋಯ್ತು ಅಂದ್ಕೊಂಡಿದ್ದೆ." ಅವರು ಕಣ್ಣೊರೆಸಿಕೊಂಡರು.

"ಮನೇಲಿ ಅಮ್ಮನ ಕುಂಡಗಳು ಇನ್ನೂ ಆರು ಇವೆ. ಒಂದೊಂದು ಒಂದೊಂದು ಥರದ್ದು. ನನ್ನ ಕೈಲಿ ಎಲ್ಲಾ ಹಾಳಾಗ್ತಿವೆ. ನಾಳೆ ತರಿಸ್ತೀನಿ, ಇನ್ಮೇಲೆ ನೀನೇ ನೋಡ್ಕೋ."

ಅವನು ತಲೆಯಾಡಿಸಿ ಹೊರಗೆ ಬಂದ. ಇಂದ್ರಾಣಿಗೆ ಫೋನು ಮಾಡಿದ.

"ನಾಳೆ ಕೂಲಿಗೆ ಓಗ್ಬ್ಯಾಡ ಕಣಮ್ಮಿ" ಎಂದ. "ಆಪೀಸ್‌ಗೆ ಬಾ."