ಕಾಕಾ ನೋಡಿಕೊಟ್ಟ ಬಂದೂಕು

ಕಾಕಾನ ಮೂಗಿನ ತುದಿಯಲ್ಲಿ ಸದಾ ಒಂದು ಗ್ರೀಸಿನ ಚುಕ್ಕೆ. ಯಾವ ಯಂತ್ರವನ್ನಾದರೂ ಮೊದಲು ಮೂಸಿ ನೋಡುವ ಚಟ ಅವರಿಗೆ. ಲಂಡನ್ನಿನ ಹೀಥ್ರೂ ವಿಮಾನ ನಿಲ್ದಾಣದ ಕಡೆಯ ವರ್ಕ್‌ಶಾಪೊಂದರಲ್ಲಿ ದುಡಿದು ರಿಟೈರಾದ ಧಾರವಾಡದವರು. ಪಿನ್ನರ್‌ನಲ್ಲಿ ನಮ್ಮ ಪಕ್ಕದ ಮನೆ. ಅವರ ಮೂಗಿನ ಅಪ್ಪಣೆಯಿಲ್ಲದೆ ನಮ್ಮ ಮನೆಗೆ ಒಂದು ಮಿಕ್ಸಿಯೂ ಬಂದದ್ದಿಲ್ಲ.

ತೊಂಬತ್ತರ ದಶಕದ ಕೊನೆಯಲ್ಲಿ ನನಗೆ ಗುರಿ ಹೊಡೆಯುವ ಹುಚ್ಚು. ಅಕ್ಸ್‌ಬ್ರಿಡ್ಜ್ ಆಚೆಯ ಕ್ಲಬ್ಬಿನಲ್ಲಿ, ಗಾಳಿಗೆ ಹಾರಿಸಿದ ಮಣ್ಣಿನ ಬಿಲ್ಲೆಗಳನ್ನು ಜೋಡಿನಳಿಗೆ ಬಂದೂಕಿನಿಂದ ಹೊಡೆಯುತ್ತಿದ್ದೆ. ಅದರ ಒದೆತಕ್ಕೆ ಭುಜ ಕೆಟ್ಟಿತು. ನಮ್ಮ ಜಿಪಿ ಡಾಕ್ಟರು ಆಟವನ್ನೇ ಬಿಟ್ಟುಬಿಡಿ ಅಂದರು. ನನಗೆ ಅಳುವೇ ಬಂತು. ಉಳಿದದ್ದು ಒಂದೇ ದಾರಿ, ಒದೆತ ಕಡಿಮೆಯಿರುವ ಸೆಮಿ ಆಟೊಮ್ಯಾಟಿಕ್. ಹೌನ್ಸ್ಲೋದಲ್ಲಿ ಹೋಟೆಲಿಟ್ಟಿದ್ದ ಉಡುಪಿಯವರೊಬ್ಬರು ತಮ್ಮ ಹಳೆಯದನ್ನು ನನಗೆ ಮಾರಲು ಒಪ್ಪಿದ್ದರು. ಆದರೆ ಅದು ಒಂದು ಸಲ ಹೊಡೆದು ಮೊಂಡು ಹಿಡಿಯುತ್ತಿತ್ತು. ಎರಡನೆಯ ತೋಟಾ ತಾನಾಗಿ ಏರುತ್ತಿರಲಿಲ್ಲ. ಕೊಳ್ಳಬಹುದೋ ಬಾರದೋ? ಹೋಟೆಲಿನವರು ಬಂದೂಕು ತಂದ ದಿನ ಕಾಕಾನನ್ನು ಕ್ಲಬ್ಬಿಗೆ ಕರೆದುಕೊಂಡು ಹೋದೆ.

ಹೊರಗಿನ ಹೊಳಪನ್ನು ಅವರು ನೋಡಲೇ ಇಲ್ಲ. ನಳಿಗೆಯ ಕೆಳಗಿನ ಮರದ ಹಿಡಿ ಬಿಚ್ಚಿ, ಮೂಸಿ, ನಕ್ಕರು. "ತಂಗಿ, ಇದು ಬಂದೂಕಿನ ವಾಸನಿ ಅಲ್ಲ, ದೇವರ ಮನಿ ವಾಸನಿ!"

ಹೊಡೆದಾಗ ಹೊಗೆ ನುಗ್ಗಿ, ಮುಂದಿನ ತೋಟಾ ಏರುವಂತೆ ಯಂತ್ರವನ್ನು ತಳ್ಳಬೇಕಾದ ಸಣ್ಣ ತೂತುಗಳಲ್ಲಿ ಕುಂಕುಮ ಗಟ್ಟಿಯಾಗಿ ಕೂತಿತ್ತು. ಹೋಟೆಲಿನವರು ಆಯುಧಪೂಜೆಗೆ ಬಂದೂಕನ್ನು ಬಿಡಿಬಿಡಿಯಾಗಿ ಬಿಚ್ಚಿ, ಒಂದೊಂದು ಭಾಗಕ್ಕೂ ಕುಂಕುಮ ಕಲಸಿ ಹಚ್ಚಿದ್ದರು!

ಆಗ ಹೋಟೆಲಿನವರು ನಮಗೆ ಚಹಾ ತರಲು ಹೋಗಿದ್ದರು. ಬಂದೂಕು ಸರಿಯಿದೆ ಎಂದು ಗೊತ್ತಾದರೆ ಮಾರಲಾರರು ಎಂಬ ಭಯ ನನಗೆ. "ಸುಮ್ಮನಿರಿ ಕಾಕಾ, ಕೊಂಡ ಮೇಲೆ ತೆಗೆಯೋಣ" ಎಂದು ಪಿಸುಗುಟ್ಟಿದೆ.

ಕಾಕಾ ಕಣ್ಣು ಕೆಂಪಗೆ ಮಾಡಿದರು. "ಕೆಟ್ಟಿದ್ರ ಕೆಟ್ಟೇತಿ ಅಂತ ಒದರ್ತಿದ್ದಿ. ಛಲೋ ಐತಿ ಅನ್ನಾಕ ನಾಲಿಗಿ ಯಾಕ ಹೊರಳವಲ್ದು?"

ಹೋಟೆಲಿನವರು ಬಂದ ಕೂಡಲೇ ಕಾಕಾ ಎಲ್ಲ ಹೇಳಿ, ಅವರೆದುರೇ ಸೇಫ್ಟಿ ಪಿನ್ನಿನಿಂದ ತೂತು ಬಿಡಿಸಿದರು. ಹೋಟೆಲಿನವರು ಬಂದೂಕು ಎತ್ತಿ ಹೊಡೆದರು. ಢಂ, ಢಂ! ಎರಡು ಬಿಲ್ಲೆಯೂ ಪುಡಿ. ಇನ್ನು ಇದು ನನಗೆ ಸಿಗುವುದಿಲ್ಲ ಎಂದುಕೊಂಡೆ.

"ಎಂತ ಮಾರಾಯ್ರೆ, ನನ್ನ ಭಕ್ತಿಯೇ ಜಾಸ್ತಿಯಾದದ್ದಾ!" ಎಂದು ಹೋಟೆಲಿನವರು ಬಿದ್ದು ಬಿದ್ದು ನಕ್ಕರು. ಆಮೇಲೆ ಬಂದೂಕನ್ನು ನನ್ನ ಕೈಗೇ ಕೊಟ್ಟರು. "ಹೇಳದೆ ತಕ್ಕೊಂಡು ಹೋಗಬಹುದಿತ್ತು ನೀವು. ಹೇಳಿದ್ರಲ್ಲ. ಇದು ಇನ್ನು ನಿಮ್ಮದೇ ಅಕ್ಕ."

ಮರುವರ್ಷ ಕ್ಲಬ್ಬಿನ ಕಪ್ ನನಗೆ ಬಂತು. ಗಪ್‌ಚಿಪ್ಪಾದ ನಮ್ಮ ಬೀದಿಯಲ್ಲಿ ಕಾಕಾ ಅದನ್ನು ತಲೆಯ ಮೇಲೆ ಹೊತ್ತು, ಪರದೆ ಸರಿಸಿ ಇಣುಕಿದವರಿಗೆಲ್ಲ "ನಮ್ಮ ಹುಡುಗಿ! ನಮ್ಮ ಹುಡುಗಿ!" ಎಂದು ಕನ್ನಡದಲ್ಲೇ ಕೂಗುತ್ತಾ ನಡೆದರು.

ಎರಡು ಸಾವಿರದ ಇಸವಿ ದಾಟಿದ ಮೇಲೆ ಕಾಕಾ ತೀರಿಕೊಂಡರು. ಆಮೇಲೂ ನಾನು ಗೆಲ್ಲುತ್ತಲೇ ಹೋದೆ. ಸಾಲಾಗಿ ನಿಂತ ಆ ಕಪ್ಪುಗಳನ್ನು ಒರೆಸುವಾಗ ಒಂದು ದಿನವೂ ನನಗೆ ತಲೆ ತಗ್ಗಿಸಬೇಕು ಅನ್ನಿಸಿಲ್ಲ. ಆ ನೆಮ್ಮದಿ ಕಾಕಾ ಕೊಟ್ಟದ್ದು.